ಕಾರಿನ ಏರ್ ಫಿಲ್ಟರ್ ತೊಳೆಯುವುದು, ಬದಲಿಸುವುದು: ಕರಾವಳಿ ಮತ್ತು ಘಟ್ಟದ ಗಾಡಿಗಳಿಗೆ ಸಮಗ್ರ ಮಾರ್ಗದರ್ಶಿ

ತೊಳೆದು ಮತ್ತೆ ಬಳಸುವ ಏರ್ ಫಿಲ್ಟರ್ ಹಾಕಿಸಿಕೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟು ಕಿಲೋಮೀಟರಿಗೆ ಒಮ್ಮೆ ತೊಳೀಬೇಕು? ಕೆ ಅಂಡ್ ಎನ್ ಕಂಪನಿ ತನ್ನ ಚಪ್ಪಟೆ ಪ್ಯಾನೆಲ್ ಫಿಲ್ಟರ್‌ಗೆ ಹೇಳುತ್ತಾ ಬಂದ ಲೆಕ್ಕ 50,000 ಮೈಲಿ, ಅಂದರೆ ಸುಮಾರು 80,000 ಕಿ.ಮೀ. ಅದು ಧೂಳು ಕಡಿಮೆ ಇರುವ ಅಮೆರಿಕದ ರಸ್ತೆಗಳ ಲೆಕ್ಕ. ಶಿರಸಿ-ಕುಮಟಾ ರಸ್ತೆಯ ಅಗಲೀಕರಣ ನಡೆಯುವಾಗ ದೇವಿಮನೆ ಘಟ್ಟದಲ್ಲಿ ಲಾರಿಯ ಬೆನ್ನಿಗೆ ಬಿದ್ದು ಹೋದವರಿಗೆ ಗೊತ್ತು, ನಮ್ಮಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹಾಗಂತ ಕಾರು ತೊಳೆದಾಗಲೆಲ್ಲ ಫಿಲ್ಟರನ್ನೂ ನಲ್ಲಿಗೆ ಹಿಡಿಯುವುದೂ ಸರಿಯಲ್ಲ. ನಾನು ನೋಡಿದ ಹಾಳಾದ ಫಿಲ್ಟರ್‌ಗಳಲ್ಲಿ ಧೂಳಿನಿಂದ ಸತ್ತವು ಕಡಿಮೆ. ಒಣಗುವ ಮೊದಲೇ ಎಣ್ಣೆ ಹಾಕಿದ್ದು, ಎಣ್ಣೆ ಸುರಿದದ್ದು, ಪ್ರೆಶರ್ ನೀರು ಹೊಡೆದದ್ದು, ಇವೇ ಜಾಸ್ತಿ. ಈ ಕೆಲಸದಲ್ಲಿ ಕೈಚಳಕಕ್ಕಿಂತ ತಾಳ್ಮೆ ಮುಖ್ಯ. ಅದಕ್ಕೇ ಒಣಗಿಸುವುದು ಮತ್ತು ಎಣ್ಣೆ ಹಾಕುವುದು, ಈ ಎರಡನ್ನು ಇಲ್ಲಿ ಸ್ವಲ್ಪ ಉದ್ದಕ್ಕೇ ಬರೆದಿದ್ದೇನೆ.

ಫಿಲ್ಟರ್ ಮಾಡುವ ಕೆಲಸ ಎಷ್ಟು ದೊಡ್ಡದು ಅಂತ ಮೊದಲು ನೋಡಿ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿನಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಕುಮಟೆಯಿಂದ ಶಿರಸಿಗೆ ಸುಮಾರು 60 ಕಿ.ಮೀ. ಘಟ್ಟ ಹತ್ತುವಾಗ ಲೀಟರಿಗೆ 15 ಕಿ.ಮೀ. ಕೊಟ್ಟರೆ 4 ಲೀಟರ್ ಪೆಟ್ರೋಲ್, 36,000 ಲೀಟರ್ ಗಾಳಿ. 12,000 ಲೀಟರಿನ ಮೂರು ಟ್ಯಾಂಕರ್ ತುಂಬುವಷ್ಟು ಗಾಳಿ ಒಂದೇ ಪ್ರಯಾಣದಲ್ಲಿ ಆ ಸಣ್ಣ ಬಟ್ಟೆಯ ಮೂಲಕ ಹೋಗುತ್ತದೆ. ಆ ಗಾಳಿಯಲ್ಲಿ ಚಿರೆಕಲ್ಲಿನ ಕೆಂಪು ಪುಡಿ ಇದೆ, ಜಲ್ಲಿ ಕ್ರಷರಿನ ಬಿಳಿ ಪುಡಿ ಇದೆ. ಈ ಕಲ್ಲಿನ ಪುಡಿ ಗಟ್ಟಿ. ಫಿಲ್ಟರ್ ದಾಟಿ ಒಳಗೆ ಹೋದರೆ ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯನ್ನು ಉಜ್ಜುತ್ತದೆ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಇರುವ ಗಾಡಿಯಲ್ಲಿ ಮೊದಲ ಏಟು ಟರ್ಬೊದ ರೆಕ್ಕೆಗಳಿಗೆ.

ನಿಮ್ಮ ಗಾಡಿಯಲ್ಲಿರುವುದು ಯಾವ ಫಿಲ್ಟರ್?

ಇದು ಗೊತ್ತಿಲ್ಲದೆ ನೀರು ಮುಟ್ಟಬೇಡಿ. ಕಾರಿನ ಕಂಪನಿಯಿಂದ ಬರುವುದು ಪೇಪರ್ ಫಿಲ್ಟರ್. ಅದನ್ನು ತೊಳೆಯುವಂತಿಲ್ಲ, ಕೊಳೆಯಾದರೆ ಬದಲಿಸಬೇಕು. ನಾವು ಹೊರಗಿನಿಂದ ತಂದು ಹಾಕುವವು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯ ಫಿಲ್ಟರ್. ಕೆ ಅಂಡ್ ಎನ್, ಬಿಎಂಸಿ ಈ ಬಗೆಯವು. ಎರಡೂ ಕಡೆ ತೆಳು ಜಾಲರಿ, ನಡುವೆ ಪದರ ಪದರವಾಗಿ ಹತ್ತಿ ಬಟ್ಟೆ. ಬಟ್ಟೆಯ ಕಣ್ಣು ದೊಡ್ಡದು, ಧೂಳನ್ನು ಹಿಡಿಯುವ ಅರ್ಧ ಕೆಲಸ ಎಣ್ಣೆಯದ್ದು. ಎಣ್ಣೆ ಒಣಗಿದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಎರಡನೆಯದು ಫೋಮ್, ಪೈಪರ್‌ಕ್ರಾಸ್ ಥರದ್ದು. ಮೂರನೆಯದು ಎಣ್ಣೆಯೇ ಬೇಡದ ಸಿಂಥೆಟಿಕ್, ಎಇಎಂ ಕಂಪನಿಯ ಡ್ರೈಫ್ಲೋ ಥರದ್ದು. ಇದಕ್ಕೆ ಅಪ್ಪಿತಪ್ಪಿ ಎಣ್ಣೆ ಹಾಕಿದರೆ ಕಣ್ಣು ಮುಚ್ಚಿಹೋಗಿ ಗಾಳಿಯೇ ಹೋಗುವುದಿಲ್ಲ. ಫಿಲ್ಟರ್ ಬಂದ ಪ್ಯಾಕೆಟ್ ಎಸೆದಿದ್ದರೆ ಫಿಲ್ಟರಿನ ರಬ್ಬರ್ ಅಂಚಿನ ಮೇಲೆ ಅಚ್ಚಾದ ನಂಬರ್ ನೋಡಿ, ಅದರಿಂದ ಬಗೆ ಗೊತ್ತಾಗುತ್ತದೆ.

ಆಕಾರದಲ್ಲೂ ಎರಡು ಬಗೆ. ಕಾರಿನ ಕಂಪನಿಯ ಫಿಲ್ಟರ್ ಡಬ್ಬಿಯೊಳಗೇ ಕೂರುವ ಚಪ್ಪಟೆ ಪ್ಯಾನೆಲ್ ಒಂದು. ಡಬ್ಬಿ ತೆಗೆದು ಪೈಪಿನ ತುದಿಗೆ ಹಾಕುವ ಕೋನ್ ಇನ್ನೊಂದು. ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ: ಕಾರವಾರ, ಅಂಕೋಲಾ, ಶಿರಸಿ ಕಡೆ ದಿನಾ ಓಡುವ ಗಾಡಿಗೆ ಪ್ಯಾನೆಲ್ ಫಿಲ್ಟರೇ ಸರಿ. ಕೋನ್ ಹಾಕಿದರೆ ಶಬ್ದ ಚೆನ್ನಾಗಿರುತ್ತದೆ, ನಿಜ. ಆದರೆ ಬಾನೆಟ್ ಒಳಗೆ ಬಯಲಾಗಿ ಕೂತ ಕೋನ್ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿಯ ಬಿಸಿ ಸುಮಾರು 3 ಡಿಗ್ರಿ ಏರಿದರೆ ಅದರ ಸಾಂದ್ರತೆ ಶೇ. 1ರಷ್ಟು ಇಳಿಯುತ್ತದೆ. ಅರಬೈಲ್ ಘಟ್ಟದಲ್ಲಿ ಎರಡನೇ ಗೇರಿನಲ್ಲಿ ತೆವಳುವಾಗ ಬಾನೆಟ್ ಒಳಗೆ ಹೊರಗಿಗಿಂತ ಎಷ್ಟು ಬಿಸಿ ಇರಬಹುದು ಅಂತ ನೀವೇ ಯೋಚಿಸಿ. ಕೋನ್ ಹಾಕಲೇಬೇಕೆಂದರೆ ಎಂಜಿನ್ನಿನ ಬಿಸಿ ತಡೆಯುವ ಹೀಟ್ ಶೀಲ್ಡ್ ಇರುವ ಕಿಟ್ ತೆಗೆದುಕೊಳ್ಳಿ.

ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ವಾರಂಟಿ ಪುಸ್ತಕ ಒಮ್ಮೆ ಓದಿ. ಹೊರಗಿನ ಫಿಲ್ಟರ್ ಹಾಕಿ ಗಾಳಿ ಅಳೆಯುವ ಸೆನ್ಸರ್ ಹಾಳಾದರೆ ಆ ರಿಪೇರಿ ನಿಮ್ಮ ತಲೆಗೇ ಬರಬಹುದು.

ಯಾವಾಗ ತೊಳೆಯಬೇಕು

ಕಿಲೋಮೀಟರ್ ಬಿಡಿ, ನಮ್ಮ ಹವೆಯ ಪ್ರಕಾರ ಹೋಗಿ. ಮಳೆ ಬಿಟ್ಟು ನವೆಂಬರ್ ಬಂದರೆ ಧೂಳು ಶುರು, ಮೇ ಕೊನೆಯ ತನಕ ಅದೇ ಗತಿ. ಜೂನ್‌ನಲ್ಲಿ ಮಳೆ ಹಿಡಿದರೆ ಧೂಳು ಕೂತುಬಿಡುತ್ತದೆ, ಆದರೆ ಏನೂ ಒಣಗುವುದಿಲ್ಲ. ಹಾಗಾಗಿ ದೊಡ್ಡ ತೊಳೆತ ಏಪ್ರಿಲ್ ಕೊನೆಯಿಂದ ಮೇ ನಡುವೆ ಆಗಲಿ. ಆ ವರ್ಷದ ಧೂಳೆಲ್ಲ ಅಷ್ಟರಲ್ಲಿ ಸೇರಿರುತ್ತದೆ, ಒಣಗಲೂ ಕಷ್ಟವಿಲ್ಲ. ಮಳೆಗಾಲದಲ್ಲಿ ಆಗಾಗ ಡಬ್ಬಿ ತೆರೆದು ನೋಡಿ ಅಷ್ಟೇ. ಮಳೆ ಮುಗಿದ ಮೇಲೆ ಒಮ್ಮೆ, ಸಂಕ್ರಾಂತಿ ಹೊತ್ತಿಗೆ ಒಮ್ಮೆ ನೋಡಿದರೆ ಸಾಕು. ಮಣ್ಣು ರಸ್ತೆಯಲ್ಲಿ ತೋಟಕ್ಕೆ ಹೋಗಿಬರುವ ಗಾಡಿಯಾದರೆ ಇನ್ನೂ ಬೇಗ ಬೇಗ ನೋಡಿ.

ನೋಡುವುದು ಹೇಗೆ? ಹತ್ತಿ ಫಿಲ್ಟರಿನಲ್ಲಿ ಮಡಿಕೆಗಳ ಮೇಲಿನ ಜಾಲರಿ ಕಣ್ಣಿಗೆ ಕಾಣುತ್ತಿದ್ದರೆ ತೊಳೆಯುವುದು ಬೇಡ. ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೂ ಪರವಾಗಿಲ್ಲ. ಧೂಳಿನ ಪದರ ದಪ್ಪವಾಗಿ ಜಾಲರಿಯೇ ಮುಚ್ಚಿಹೋಗಿದೆಯಾ, ಆಗ ತೊಳೆಯಿರಿ. ಕೊಳೆ ಕಡಿಮೆ ಇದ್ದು ಬಟ್ಟೆ ಬಿಳಿಚಿಕೊಂಡಿದ್ದರೆ ಎಣ್ಣೆ ಹೋಗಿದೆ ಎಂದರ್ಥ. ಆಗಲೂ ತೊಳೆದೇ ಹೊಸ ಎಣ್ಣೆ ಹಾಕಬೇಕು, ಧೂಳಿನ ಮೇಲೇ ಎಣ್ಣೆ ಹಾಕಬಾರದು.

ಬೇಕಾದ ಸಾಮಾನು

ನಿಮ್ಮ ಫಿಲ್ಟರಿನ ಕಂಪನಿಯದೇ ಕ್ಲೀನರ್ ಮತ್ತು ಎಣ್ಣೆಯ ಕಿಟ್ ತರಿಸಿಕೊಳ್ಳಿ. ಜೊತೆಗೆ ಒಂದು ಮೆತ್ತನೆಯ ಬ್ರಶ್, ಬಕೆಟ್, ಹಳೆ ಪೇಪರ್, ನೂಲು ಬಿಡದ ಬಟ್ಟೆ, ಟಾರ್ಚ್, ಕೈಗವಸು. ಬಿಚ್ಚಲು ಚಪ್ಪಟೆ ಮತ್ತು ಸ್ಟಾರ್ ಸ್ಕ್ರೂಡ್ರೈವರ್, 8 ಮತ್ತು 10 ನಂಬರ್ ಸ್ಪ್ಯಾನರ್ ಇದ್ದರೆ ಬಹುತೇಕ ಗಾಡಿಗಳಿಗೆ ಸಾಕು. ಸೀಮೆಎಣ್ಣೆ, ಪೆಟ್ರೋಲ್, ಬಟ್ಟೆ ಒಗೆಯುವ ಪುಡಿ ಯಾವುದೂ ಹತ್ತಿರ ಬರಬಾರದು. ಹತ್ತಿ ತಡೆದುಕೊಂಡರೂ ಅಂಚಿನ ರಬ್ಬರ್ ಮತ್ತು ಅಂಟು ತಡೆದುಕೊಳ್ಳುವುದಿಲ್ಲ.

ಇದರ ಜೊತೆ ಒಂದು ಸಾಮಾನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ, ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅದೇ ಮುಖ್ಯ: ಕಂಪನಿಯ ಒಂದು ಪೇಪರ್ ಫಿಲ್ಟರ್. ತೊಳೆದ ಫಿಲ್ಟರ್ ಒಣಗುವ ತನಕ ಅದನ್ನು ಹಾಕಿಕೊಂಡು ಓಡಾಡಬಹುದು. ಬೆಳಿಗ್ಗೆ ಆಫೀಸಿಗೆ ಗಾಡಿ ಬೇಕು ಅನ್ನುವ ಅವಸರ ಇಲ್ಲದಿದ್ದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಕೋನ್ ಹಾಕಿದವರು ಎರಡನೇ ಕೋನ್ ಇಟ್ಟುಕೊಳ್ಳಬೇಕು, ಇಲ್ಲಾಂದ್ರೆ ಗಾಡಿ ಮನೆಯಲ್ಲೇ ನಿಲ್ಲುವ ದಿನ ನೋಡಿ ಕೆಲಸಕ್ಕೆ ಕೈಹಾಕಬೇಕು. ಫಿಲ್ಟರ್ ಇಲ್ಲದೆ ಅಂಗಡಿಯ ತನಕ ಕೂಡ ಗಾಡಿ ಓಡಿಸಬೇಡಿ.

ಬಿಚ್ಚುವುದು

ಎಂಜಿನ್ ತಣ್ಣಗಾಗಿರಲಿ. ಗಾಡಿ ಸಮ ಜಾಗದಲ್ಲಿರಲಿ, ಕೀ ತೆಗೆದಿಡಿ. ಸೆನ್ಸರಿನ ಪ್ಲಗ್ ಬಿಚ್ಚಬೇಕಾದರೆ ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ತೆಗೆಯಿರಿ. ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಎರಡು ಮೂರು ಫೋಟೋ ತೆಗೆದುಕೊಳ್ಳಿ. ಯಾವ ಪೈಪ್ ಎಲ್ಲಿತ್ತು ಅನ್ನುವ ಗೊಂದಲ ಆಮೇಲೆ ಇರುವುದಿಲ್ಲ.

ಡಬ್ಬಿಯ ಮುಚ್ಚಳದ ಮೇಲೆ ಕೂತ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸದೆ ಕ್ಲಿಪ್ ಎತ್ತಿದರೆ ಅದೆಲ್ಲ ಸೀದಾ ಒಳಗೆ ಬೀಳುತ್ತದೆ. ಕ್ಲಿಪ್ ಅಥವಾ ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿ, ಫಿಲ್ಟರನ್ನು ಅಲುಗಾಡಿಸದೆ ಮಟ್ಟಸವಾಗಿ ಮೇಲಕ್ಕೆ ತೆಗೆಯಿರಿ. ಕೋನ್ ಆದರೆ ಕುತ್ತಿಗೆಯ ಕ್ಲ್ಯಾಂಪ್ ಸಡಿಲಿಸಿ, ತಿರುಗಿಸುತ್ತಾ ಎಳೆಯಿರಿ. ಸೆನ್ಸರಿನ ಪ್ಲಗ್ ತೆಗೆಯುವಾಗ ಲಾಕ್ ಒತ್ತಿ ಪ್ಲಗ್ಗನ್ನೇ ಹಿಡಿದು ಎಳೆಯಬೇಕು, ವೈರ್ ಹಿಡಿದು ಎಳೆಯಬಾರದು. ಪೈಪಿನ ಬಾಯಿಗೆ ತಕ್ಷಣ ಬಟ್ಟೆ ತುರುಕಿ. ಆ ಬಟ್ಟೆ ಬಣ್ಣದ್ದಿರಲಿ, ಒಂದು ತುದಿ ಹೊರಗೆ ನೇತಾಡಲಿ. ಮರೆತು ಸ್ಟಾರ್ಟ್ ಮಾಡುವಂತಾಗಬಾರದು.

ಈಗ ಇಡೀ ಕೆಲಸದಲ್ಲಿ ಬಹಳ ಬೆಲೆಯುಳ್ಳ ಒಂದು ನಿಮಿಷ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ, ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೋಡೆಯನ್ನು, ಅಂದರೆ ಎಂಜಿನ್ ಕಡೆಯದನ್ನು, ಒರೆಸಿ ನೋಡಿ. ಬಟ್ಟೆ ಹೆಚ್ಚುಕಮ್ಮಿ ಬಿಳಿಯಾಗೇ ಉಳಿದರೆ ಫಿಲ್ಟರ್ ತನ್ನ ಕೆಲಸ ಮಾಡುತ್ತಿದೆ. ಕೆಂಪು ಹುಡಿ ಅಂಟಿಕೊಂಡು ಬಂದರೆ ಎಲ್ಲೋ ಸಂದಿ ಇದೆ. ಫಿಲ್ಟರಿನ ಅಂಚು ಡಬ್ಬಿಯ ತೋಡಿನಲ್ಲಿ ಸರಿಯಾಗಿ ಕೂತಿಲ್ಲ, ಅಥವಾ ಬಟ್ಟೆಯಲ್ಲಿ ತೂತು ಇದೆ, ಅಥವಾ ರಬ್ಬರ್ ಪೈಪ್ ಬಿರುಕು ಬಿಟ್ಟಿದೆ. ಆ ಸಂದಿ ಹುಡುಕದೆ ಫಿಲ್ಟರ್ ಎಷ್ಟು ಚೆನ್ನಾಗಿ ತೊಳೆದರೂ ಪ್ರಯೋಜನವಿಲ್ಲ. ಒರೆಸಿದ ಬಟ್ಟೆಗೆ ಎಣ್ಣೆ ಪಸೆ ಹತ್ತಿದರೆ ಹಿಂದಿನ ಸಲ ಫಿಲ್ಟರ್ ಎಣ್ಣೆ ಜಾಸ್ತಿ ಆಗಿರಬಹುದು. ಎಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಅಲ್ಲೇ ಸೇರುವ ಗಾಡಿಗಳಲ್ಲಿ ಸ್ವಲ್ಪ ಎಂಜಿನ್ ಆಯಿಲ್ ಪಸೆ ಇರುವುದು ಸಹಜ.

ಡಬ್ಬಿಯ ತಳವನ್ನೂ ನೋಡಿ. ಒಣ ಎಲೆ, ಚಿಟ್ಟೆಯ ರೆಕ್ಕೆ, ಮಳೆಹುಳ ಇದ್ದೇ ಇರುತ್ತವೆ. ವಾರಗಟ್ಟಲೆ ನಿಂತ ಗಾಡಿಯಾದರೆ ಗಾಳಿ ಎಳೆಯುವ ಕೊಳವೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು ಸಿಗಬಹುದು. ತೋಟದ ಮನೆಗಳಲ್ಲಿ ಇಲಿ ಅಡಿಕೆ ಸಿಪ್ಪೆ, ಬಟ್ಟೆ ಚೂರು ತಂದು ಪೇರಿಸಿಟ್ಟಿರುವುದೂ ಉಂಟು. ಎಲ್ಲ ತೆಗೆದು ಒರೆಸಿ. ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಒಳಗೆ ಬಂದ ಮಳೆನೀರು ಹೊರಗೆ ಹೋಗಲಿಕ್ಕೆ. ಎಲೆ ಕೂತು ಅದು ಮುಚ್ಚಿದ್ದರೆ ಕಡ್ಡಿ ಹಾಕಿ ಬಿಡಿಸಿ. ತೂತಿನಿಂದ ಧೂಳು ಬರುತ್ತದೆ ಅಂತ ಟೇಪ್ ಹಚ್ಚಬೇಡಿ. ಅದಿರುವುದು ಫಿಲ್ಟರಿನ ಕೊಳೆ ಕಡೆ, ಒಳಗೆ ಬಂದ ಧೂಳೂ ಫಿಲ್ಟರ್ ದಾಟಿಯೇ ಹೋಗಬೇಕು.

ತೊಳೆಯುವುದು

ಮೊದಲು ಫಿಲ್ಟರನ್ನು ಅಂಗೈಗೆ ಮೆಲ್ಲಗೆ ತಟ್ಟಿ. ಒಣ ಧೂಳು ಎಷ್ಟು ಉದುರುತ್ತದೋ ಉದುರಲಿ. ಮಡಿಕೆಗಳ ಉದ್ದಕ್ಕೆ ಬ್ರಶ್ ಎಳೆಯಿರಿ, ಅಡ್ಡಕ್ಕೆ ಬೇಡ. ಆಮೇಲೆ ಕ್ಲೀನರನ್ನು ಎರಡೂ ಕಡೆ ಚೆನ್ನಾಗಿ ನೆನೆಯುವಂತೆ ಹೊಡೆದು ಸುಮಾರು 10 ನಿಮಿಷ ಬಿಡಿ. ನೆರಳಲ್ಲೇ ಇಡಿ. ಕ್ಲೀನರ್ ಅಲ್ಲೇ ಒಣಗಿಬಿಟ್ಟರೆ ಕರಗಿದ ಕೊಳೆ ಮತ್ತೆ ಬಟ್ಟೆಗೆ ಅಂಟಿಕೊಳ್ಳುತ್ತದೆ.

ನೀರು ಬಿಡುವ ದಿಕ್ಕು ಮುಖ್ಯ. ಶುದ್ಧ ಕಡೆಯಿಂದ ಕೊಳೆ ಕಡೆಗೆ, ಅಂದರೆ ಎಂಜಿನ್ ಕಡೆಯ ಮುಖದಿಂದ ಹೊರಮುಖಕ್ಕೆ ನೀರು ಹರಿಯಬೇಕು. ಕೋನ್ ಆದರೆ ಒಳಗಿನಿಂದ ಹೊರಗೆ. ಉಲ್ಟಾ ಮಾಡಿದರೆ ಹೊರಗೆ ಸಿಕ್ಕಿಕೊಂಡ ಹುಡಿಯನ್ನು ನೀವೇ ಒಳಗೆ ತಳ್ಳಿದ ಹಾಗಾಯಿತು. ತಣ್ಣೀರು ಸಾಕು, ನಲ್ಲಿಯಿಂದ ಸಣ್ಣಗೆ ಬರುವ ನೀರು ಸಾಕು. ಮೊದಲು ಬರುವ ನೀರು ಕೆಂಪು ಚಹಾದ ಬಣ್ಣಕ್ಕಿರುತ್ತದೆ, ಮಣ್ಣೂ ಇದೆ, ಹಳೆ ಎಣ್ಣೆಯ ಬಣ್ಣವೂ ಇದೆ. ತಿಳಿನೀರು ಬರುವ ತನಕ ಬಿಡಿ. ಮಡಿಕೆಯ ಬುಡದಲ್ಲಿ ಇನ್ನೂ ಕಪ್ಪು ಗೆರೆ ಕಂಡರೆ ಇನ್ನೊಮ್ಮೆ ಕ್ಲೀನರ್ ಹೊಡೆದು ಮತ್ತೆ ತೊಳೆಯಿರಿ.

ಸರ್ವೀಸ್ ಸ್ಟೇಶನ್ನಿನ ಪ್ರೆಶರ್ ಗನ್ ಬೇಡ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ. ಎರಡೂ ಹತ್ತಿಯ ಎಳೆಗಳನ್ನು ಬದಿಗೆ ಸರಿಸಿ ಸೂಜಿಗಣ್ಣಿನಂಥ ತೂತು ಮಾಡುತ್ತವೆ. ಒಮ್ಮೆ ಹಾಗಾದರೆ ಸರಿಮಾಡಲು ಬರುವುದಿಲ್ಲ.

ಸಮುದ್ರದ ಹತ್ತಿರದ ಮನೆಯವರಿಗೆ ಒಂದು ಮಾತು. ಬೇಸಿಗೆಯಲ್ಲಿ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ. ಆ ನೀರಿನಲ್ಲಿ ತೊಳೆದರೂ ಕೊನೆಯ ಜಾಲಾಟ ಸಿಹಿನೀರಿನಲ್ಲೇ ಆಗಲಿ. ಇಲ್ಲದಿದ್ದರೆ ನೀರು ಆರಿದ ಮೇಲೆ ಉಪ್ಪಿನ ಹರಳು ಬಟ್ಟೆಯಲ್ಲೇ ಉಳಿಯುತ್ತದೆ, ಜಾಲರಿಯನ್ನೂ ನಿಧಾನಕ್ಕೆ ತಿನ್ನುತ್ತದೆ.

ಫೋಮ್ ಫಿಲ್ಟರನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ಅದ್ದಿ ಅಂಗೈಯಲ್ಲಿ ಒತ್ತಿ ಒತ್ತಿ ತೊಳೆಯಬಹುದು. ಬಟ್ಟೆ ಹಿಂಡಿದ ಹಾಗೆ ತಿರುಚಬೇಡಿ, ಹರಿಯುತ್ತದೆ. ಸಿಂಥೆಟಿಕ್ ಒಣ ಫಿಲ್ಟರಿಗೆ ಅದರದೇ ಕ್ಲೀನರ್ ಬಳಸಿ, ಮೇಲೆ ಹೇಳಿದ ರೀತಿಯಲ್ಲೇ ತೊಳೆಯಿರಿ. ಒಣಗಿದರೆ ಅದರ ಕೆಲಸ ಮುಗಿಯಿತು.

ಒಣಗಿಸುವುದು

ನೀರು ಕೊಡವಿ, ಗಾಳಿಯಾಡುವ ನೆರಳಲ್ಲಿ ನಿಲ್ಲಿಸಿ. ಮೇ ತಿಂಗಳಿನಲ್ಲಿ ಜಗಲಿಯ ಮೇಲೆ ಒಂದು ಹಗಲು ಒಂದು ರಾತ್ರಿ ಇಟ್ಟರೆ ಸಾಮಾನ್ಯವಾಗಿ ಸಾಕು. ಬಿರುಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಅಂಚಿನ ರಬ್ಬರಿಗೆ ಒಳ್ಳೆಯದಲ್ಲ.

ಮಳೆಗಾಲದಲ್ಲಿ ತೊಳೆಯಲೇಬೇಕಾಗಿ ಬಂದರೆ? ನಮ್ಮಲ್ಲಿ ಮನೆ ಮನೆಯಲ್ಲೂ ಒದ್ದೆ ಬಟ್ಟೆ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹೋಗುತ್ತದೆ. ಫಿಲ್ಟರನ್ನೂ ಅಲ್ಲೇ ತೂಗುಹಾಕುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಒಲೆಯ ಬಿಸಿಗೆ ಹತ್ತಿ ಕುಗ್ಗುತ್ತದೆ, ಅಂಟು ಬಿಡುತ್ತದೆ, ಹೊಗೆಯ ಮಸಿ ಬೇರೆ ಕೂರುತ್ತದೆ. ಅಡಿಕೆ ಡ್ರೈಯರ್, ತಲೆಕೂದಲು ಒಣಗಿಸುವ ಡ್ರೈಯರಿಗೂ ಇದೇ ಮಾತು. ಕೋಣೆಯೊಳಗೆ ಫ್ಯಾನ್ ಕೆಳಗೆ ಇಡಿ, ಆಗಾಗ ಮಗ್ಗುಲು ಬದಲಿಸಿ. ಎರಡು ದಿನ ಹಿಡಿದರೆ ಹಿಡಿಯಲಿ, ಗಾಡಿಯಲ್ಲಿ ಪೇಪರ್ ಫಿಲ್ಟರ್ ಇದೆಯಲ್ಲ.

ಒಣಗಿತೋ ಇಲ್ಲವೋ ಅಂತ ಕೈಯಲ್ಲಿ ಮುಟ್ಟಿ ಹೇಳುವುದು ಕಷ್ಟ. ಮೇಲೆ ಒಣಗಿದ್ದರೂ ಮಡಿಕೆಯ ಬುಡದಲ್ಲಿ, ರಬ್ಬರ್ ಸೇರುವಲ್ಲಿ ತೇವ ಉಳಿದಿರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಫಿಲ್ಟರ್ ತೂಗಿ ಬರೆದಿಡಿ. ಮೂರು ನಾಲ್ಕು ತಾಸು ಬಿಟ್ಟು ಮತ್ತೆ ತೂಗಿ. ತೂಕ ಇಳಿದಿದ್ದರೆ ಇನ್ನೂ ನೀರಿದೆ. ಎರಡು ಸಲವೂ ಒಂದೇ ತೂಕ ಬಂದರೆ, ಮಡಿಕೆಯ ಬುಡಕ್ಕೆ ಒತ್ತಿದ ಟಿಶ್ಯೂ ಪೇಪರೂ ಒಣಗೇ ಬಂದರೆ, ಒಣಗಿದೆ ಅಂತ ಧೈರ್ಯವಾಗಿ ಹೇಳಬಹುದು. ತೇವದ ಮೇಲೆ ಎಣ್ಣೆ ಹಾಕಿದರೆ ಎಣ್ಣೆ ಆ ಜಾಗಕ್ಕೆ ಇಳಿಯುವುದೇ ಇಲ್ಲ. ಆಮೇಲೆ ಅಲ್ಲಿಂದ ಧೂಳು ಒಳಗೆ ಹೋಗುತ್ತದೆ.

ಒಣಗಿದ ಫಿಲ್ಟರಿನ ಹಿಂದೆ ಟಾರ್ಚ್ ಹಿಡಿದು ಕತ್ತಲಲ್ಲಿ ನೋಡಿ. ಬೆಳಕು ಎಲ್ಲ ಕಡೆ ಒಂದೇ ಸಮ ಮಂದವಾಗಿ ಕಾಣಬೇಕು. ಎಲ್ಲಾದರೂ ಚುಕ್ಕೆಯಂತೆ ಹೊಳೆದರೆ ಅದು ತೂತು, ಫಿಲ್ಟರ್ ಬದಲಿಸುವ ಕಾಲ ಬಂತು.

ಎಣ್ಣೆ ಹಾಕುವುದು

ಫಿಲ್ಟರ್ ಎಣ್ಣೆಯೇ ಆಗಬೇಕು. ಎಂಜಿನ್ ಆಯಿಲ್, ಗೇರ್ ಆಯಿಲ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ನಡೆಯುವುದಿಲ್ಲ. ಫಿಲ್ಟರ್ ಎಣ್ಣೆಗೆ ಅಂಟಿನ ಗುಣವಿದೆ, ಬಟ್ಟೆಯಲ್ಲೇ ನಿಲ್ಲುತ್ತದೆ. ಬೇರೆಯವು ಗಾಳಿಯ ಎಳೆತಕ್ಕೆ ಕಿತ್ತುಕೊಂಡು ಎಂಜಿನ್ ಕಡೆ ಹೋಗುತ್ತವೆ.

ಹೊರಮುಖಕ್ಕೆ ಮಾತ್ರ ಹಾಕಿ. ಸ್ಪ್ರೇ ಡಬ್ಬಿಯಾದರೆ ಸುಮಾರು 7-8 ಸೆಂ.ಮೀ. ದೂರ ಹಿಡಿದು ಪ್ರತಿ ಮಡಿಕೆಯ ತಲೆಯ ಮೇಲೆ ಒಂದೇ ಸಲ ಎಳೆಯಿರಿ. ಒತ್ತುವ ಬಾಟಲಿಯಾದರೆ ಮೂತಿಯನ್ನು ಒಂದು ಸೆಂ.ಮೀ. ಅಂತರದಲ್ಲಿ ಹಿಡಿದು ಮಡಿಕೆಯ ತಲೆಯುದ್ದಕ್ಕೂ ತೆಳುವಾದ ಒಂದು ಗೆರೆ. ಮುಗಿಯಿತು, ಕೆಳಗಿಡಿ. ಆಗ ನೋಡಿದರೆ ಫಿಲ್ಟರ್ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ, ಮಡಿಕೆಯ ತಲೆ ಗಾಢ ಕೆಂಪು, ಬುಡ ಇನ್ನೂ ಬಿಳಿ. ಕೈ ತಡೆಯುವುದಿಲ್ಲ, ಇನ್ನಷ್ಟು ಹಾಕೋಣ ಅನಿಸುತ್ತದೆ. ಹಾಕಬೇಡಿ. 20 ನಿಮಿಷ ಬಿಟ್ಟು ಬನ್ನಿ. ಅಷ್ಟರಲ್ಲಿ ಎಣ್ಣೆ ಎಳೆಯಿಂದ ಎಳೆಗೆ ತಾನೇ ಇಳಿದು ಬಿಳಿ ಜಾಗ ತಿಳಿಗುಲಾಬಿಯಾಗಿ, ಆಮೇಲೆ ಕೆಂಪಾಗಿ ಒಂದೇ ಬಣ್ಣಕ್ಕೆ ಬರುತ್ತಿರುತ್ತದೆ. ಈಗ ಎರಡೂ ಮುಖ ನೋಡಿ. ಎಲ್ಲಿ ಇನ್ನೂ ಬಿಳಿಚಿಕೊಂಡಿದೆಯೋ ಅಲ್ಲಿಗೆ ಮಾತ್ರ ಒಂದೆರಡು ಹನಿ, ಮತ್ತೆ 20 ನಿಮಿಷ. ಎಣ್ಣೆ ಬಣ್ಣ ಎಲ್ಲ ಕಂಪನಿಯದೂ ಕೆಂಪಲ್ಲ, ನೀಲಿಯೂ ಇದೆ. ಬಣ್ಣ ಹಾಕಿರುವುದೇ ಎಣ್ಣೆ ಎಲ್ಲಿ ತಲುಪಿದೆ ಅಂತ ಕಾಣಲಿಕ್ಕೆ.

ಕೊನೆಗೆ ರಾತ್ರಿಯಿಡೀ ಹಳೆ ಪೇಪರಿನ ಮೇಲೆ ನಿಲ್ಲಿಸಿ. ಬೆಳಿಗ್ಗೆ ಪೇಪರಿನ ಮೇಲೆ ಎಣ್ಣೆಯ ಕಲೆ ಸಣ್ಣದಿದ್ದರೆ ಅಂಚು ಒರೆಸಿ ಹಾಕಬಹುದು. ತೊಟ್ಟಿಕ್ಕಿದ ಹಾಗಿದ್ದರೆ, 'ಎಣ್ಣೆ ಜಾಸ್ತಿ ಆಯ್ತು ಮಾರಾಯ್ರೆ' ಅಂತ ಮೆಕ್ಯಾನಿಕ್ ಹೇಳುವ ಮೊದಲೇ ನೀವು ಮತ್ತೆ ತೊಳೆದುಬಿಡಿ. ಬೇಸರವಾಗುತ್ತದೆ, ಆದರೆ ಸೆನ್ಸರ್ ಬದಲಿಸುವುದಕ್ಕಿಂತ ಅದು ಅಗ್ಗ.

ಎಣ್ಣೆ ಮತ್ತು ಸೆನ್ಸರ್

ಒಳಗೆ ಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೆಲವು ಗಾಡಿಗಳಲ್ಲಿ ಫಿಲ್ಟರಿನ ಹಿಂದೆಯೇ ಕೂತಿರುತ್ತದೆ. ಟರ್ಬೊ ಡೀಸೆಲ್ ಗಾಡಿಗಳಲ್ಲಿ ಇದು ಸಾಮಾನ್ಯ. ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಇದಿಲ್ಲ, ಅವು ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುತ್ತವೆ. ಏರ್‌ಫ್ಲೋ ಸೆನ್ಸರಿನೊಳಗೆ ಬಿಸಿಯಾಗಿರುವ ಕೂದಲೆಳೆಯಂಥ ತಂತಿ ಅಥವಾ ಪದರ ಇರುತ್ತದೆ. ಹಾದುಹೋಗುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಅನ್ನುವುದರ ಮೇಲೆ ಲೆಕ್ಕ. ಅದರ ಮೇಲೆ ಎಣ್ಣೆ ಕೂತು, ಎಣ್ಣೆಗೆ ಹುಡಿ ಅಂಟಿದರೆ ಲೆಕ್ಕ ತಪ್ಪುತ್ತದೆ. ಐಡಲಿಂಗ್ ಏರಿಳಿಯುತ್ತದೆ, ಪಿಕಪ್ ಬೀಳುತ್ತದೆ, ಮೈಲೇಜ್ ಕಡಿಮೆಯಾಗುತ್ತದೆ, ಚೆಕ್ ಎಂಜಿನ್ ದೀಪ ಹತ್ತಬಹುದು. ಸ್ಕ್ಯಾನರ್ ಹಾಕಿದರೆ ಪಿ0101 ಅಥವಾ ಪಿ0171 ಕೋಡ್ ಕಾಣಿಸಿಕೊಳ್ಳಬಹುದು. ಮೊದಲನೆಯದು ಸೆನ್ಸರಿನ ಅಳತೆ ತಪ್ಪಿದ್ದಕ್ಕೆ, ಎರಡನೆಯದು ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗದಿದ್ದಕ್ಕೆ. ಎರಡನೆಯದು ಪೈಪಿನ ಬಿರುಕಿನಿಂದಲೂ ಬರುತ್ತದೆ, ಹಾಗಾಗಿ ಸೆನ್ಸರಿಗೆ ದುಡ್ಡು ಹಾಕುವ ಮೊದಲು ಪೈಪ್ ಬಗ್ಗಿಸಿ ನೋಡಿ.

ಸೆನ್ಸರ್ ಸ್ವಚ್ಛ ಮಾಡಲು ಅದಕ್ಕೇ ಸಿಗುವ ಏರ್‌ಫ್ಲೋ ಸೆನ್ಸರ್ ಕ್ಲೀನರ್ ಮಾತ್ರ ಬಳಸಿ. ಬ್ರೇಕ್ ಕ್ಲೀನರ್, ಕಾರ್ಬ್ಯುರೇಟರ್ ಕ್ಲೀನರ್ ಬೇಡ. ಬೆರಳು, ಇಯರ್ ಬಡ್, ಬಟ್ಟೆ ಯಾವುದನ್ನೂ ತಂತಿಗೆ ಮುಟ್ಟಿಸಬೇಡಿ. ಸ್ಪ್ರೇ ಮಾಡಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಮತ್ತೆ ಕೂರಿಸುವುದು

ತುರುಕಿದ ಬಟ್ಟೆ ತೆಗೆಯಿರಿ. ಪ್ಯಾನೆಲ್ ಫಿಲ್ಟರಿನ ಅಂಚು ಡಬ್ಬಿಯ ತೋಡಿನಲ್ಲಿ ಸುತ್ತಲೂ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ. ಅಂಚಿಗೆ ತೆಳುವಾಗಿ ಸೀಲಿಂಗ್ ಗ್ರೀಸ್ ಹಚ್ಚಿದರೆ ಧೂಳಿನ ಊರಲ್ಲಿ ಒಳ್ಳೆಯದೇ. ಮುಚ್ಚಳ ಹಾಕುವಾಗ ಕ್ಲಿಪ್‌ಗೆ ಬಲ ಬೇಕಾಗಬಾರದು. ಬೇಕಾಯಿತು ಅಂದರೆ ಫಿಲ್ಟರ್ ಓರೆಯಾಗಿದೆ, ತೆಗೆದು ಮತ್ತೆ ಕೂರಿಸಿ.

ಕೋನ್ ಆದರೆ ಕುತ್ತಿಗೆ ಮತ್ತು ಪೈಪ್ ಎರಡೂ ಒಣಗಿರಬೇಕು. ಅಲ್ಲಿ ಎಣ್ಣೆ, ಗ್ರೀಸ್ ಇದ್ದರೆ ಘಟ್ಟದ ಕುಲುಕಿಗೆ ಜಾರಿ ಬರುತ್ತದೆ. ಪೂರ್ತಿ ಒಳಗೆ ತಳ್ಳಿ ಕ್ಲ್ಯಾಂಪ್ ಬಿಗಿ ಮಾಡಿ. ಕೈಯಲ್ಲಿ ತಿರುಗಿಸಿದರೆ ತಿರುಗದಷ್ಟು ಬಿಗಿ ಸಾಕು, ರಬ್ಬರ್ ಕಚ್ಚಿ ಕತ್ತರಿಸುವಷ್ಟು ಬೇಡ. ಕರಾವಳಿಯಲ್ಲಿ ಸಾದಾ ಕಬ್ಬಿಣದ ಕ್ಲ್ಯಾಂಪ್ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದು ಹಾಕಿ. ಬಾನೆಟ್, ಬ್ಯಾಟರಿ, ರೇಡಿಯೇಟರ್ ಫ್ಯಾನ್ ಯಾವುದಕ್ಕೂ ಕೋನ್ ತಾಗಬಾರದು.

ಪ್ಲಗ್, ಬ್ಯಾಟರಿ ವೈರ್ ಜೋಡಿಸಿ ಸ್ಟಾರ್ಟ್ ಮಾಡಿ. ಪೈಪ್ ಸೇರುವ ಜಾಗಗಳಲ್ಲಿ ಸುಯ್ ಅನ್ನುವ ಶಬ್ದ ಇದೆಯಾ ಕೇಳಿ. ಬ್ಯಾಟರಿ ತೆಗೆದಿದ್ದರೆ ಮೊದಲ ಸ್ವಲ್ಪ ಹೊತ್ತು ಐಡಲಿಂಗ್ ಏರುಪೇರಾಗಬಹುದು, ತಾನೇ ಸರಿಹೋಗುತ್ತದೆ.

ಹೊಸದು ಹಾಕುವಾಗ

ತೂತು, ಹರಿದ ಜಾಲರಿ, ಬಿಟ್ಟುಹೋದ ಅಂಟು, ಗಟ್ಟಿಯಾಗಿ ಬಿರುಕು ಬಿಟ್ಟ ರಬ್ಬರ್, ಇವುಗಳಲ್ಲಿ ಒಂದು ಕಂಡರೂ ತೊಳೆದು ಬಳಸಬೇಡಿ. ಪ್ಯಾನೆಲ್ ಕೊಳ್ಳುವಾಗ ಗಾಡಿಯ ಮಾಡೆಲ್, ವರ್ಷ, ಎಂಜಿನ್ ಮೂರೂ ಹೇಳಿ. ಒಂದೇ ಹೆಸರಿನ ಕಾರಿನ ಪೆಟ್ರೋಲ್ ಮತ್ತು ಡೀಸೆಲ್‌ಗೆ ಬೇರೆ ಬೇರೆ ಫಿಲ್ಟರ್ ಇರುತ್ತದೆ. ಕೈಯಲ್ಲಿ ಹಳೆಯದನ್ನು ಹಿಡಿದುಕೊಂಡು ಹೋಗಿ ಉದ್ದ, ಅಗಲ, ದಪ್ಪ ಹೋಲಿಸಿ. ಒಂದೆರಡು ಮಿ.ಮೀ. ತೆಳುವಾದರೂ ಅಂಚಿನಿಂದ ಗಾಳಿ ಕಳ್ಳದಾರಿ ಹಿಡಿಯುತ್ತದೆ. ಕೋನ್ ಆದರೆ ಪೈಪಿನ ಹೊರಅಳತೆ ಮತ್ತು ಕೋನಿನ ಕುತ್ತಿಗೆಯ ಒಳಅಳತೆ ಸರಿಯಾಗಿ ಹೊಂದಬೇಕು. ದೊಡ್ಡ ಕುತ್ತಿಗೆಯನ್ನು ಕ್ಲ್ಯಾಂಪ್ ಎಳೆದು ಕಿರಿದು ಮಾಡಿದರೆ ಮಡಿಕೆ ಬಿದ್ದು ಸಂದಿ ಉಳಿಯುತ್ತದೆ.

ಕೊಳ್ಳುವಾಗ ಸಾಧ್ಯವಾದರೆ ಐಎಸ್‌ಒ 5011 ಪರೀಕ್ಷೆಯ ವಿವರ ಕೇಳಿ. ಫಿಲ್ಟರ್ ಎಷ್ಟು ಧೂಳು ತಡೆಯುತ್ತದೆ, ಗಾಳಿಗೆ ಎಷ್ಟು ಅಡ್ಡಿ ಮಾಡುತ್ತದೆ ಅಂತ ಅಳೆಯುವ ಪರೀಕ್ಷೆ ಅದು. ಗಾಳಿ ಜಾಸ್ತಿ ಬಿಡುತ್ತದೆ ಅನ್ನುವ ಜಾಹೀರಾತು ಎಲ್ಲ ಕಂಪನಿಯದ್ದೂ ಇದೆ. ಧೂಳು ಎಷ್ಟು ತಡೆಯುತ್ತದೆ ಅನ್ನುವುದನ್ನು ನೋಡಿ ಕೊಳ್ಳಿ.

ಮಳೆಗಾಲ ಮತ್ತು ತಗ್ಗಿನ ಕೋನ್

ಕೆಲವು ಕಿಟ್‌ಗಳಲ್ಲಿ ತಣ್ಣನೆ ಗಾಳಿ ಸಿಗಲಿ ಅಂತ ಕೋನನ್ನು ಬಂಪರ್ ಹಿಂದೆ, ಚಕ್ರದ ಹತ್ತಿರ, ತೀರಾ ಕೆಳಗೆ ಕೂರಿಸುತ್ತಾರೆ. ಜುಲೈಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗುಡ್ಡದ ಕಡೆಯಿಂದ ಇಳಿದ ನೀರು ತಗ್ಗು ಜಾಗಗಳಲ್ಲಿ ನಿಂತಾಗ ಇಂಥ ಗಾಡಿಗಳಿಗೆ ದೊಡ್ಡ ಅಪಾಯ. ಕೋನ್ ನೀರಿನಲ್ಲಿ ಮುಳುಗಿದರೆ ಎಂಜಿನ್ ನೀರನ್ನೇ ಎಳೆಯುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ನೀರು ಬಗ್ಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆಮೇಲೆ ಎಂಜಿನ್ ಬಿಚ್ಚುವುದೇ ಗತಿ. ನೀರಿನ ನಡುವೆ ಗಾಡಿ ಬಂದ್ ಬಿದ್ದರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ತಳ್ಳಿಸಿ, ಟೋ ಮಾಡಿಸಿ, ಮೆಕ್ಯಾನಿಕ್ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ನೋಡುವ ತನಕ ಕೀ ತಿರುಗಿಸಬೇಡಿ.

ಕೋನಿನ ಮೇಲೆ ಹಾಕುವ ನೀರು ಅಂಟದ ಬಟ್ಟೆಯ ಚೀಲ ಸಿಗುತ್ತದೆ. ಅದು ಚಕ್ರ ಎರಚುವ ನೀರನ್ನು ತಡೆಯುತ್ತದೆ, ಮುಳುಗಿದರೆ ಏನೂ ಮಾಡುವುದಿಲ್ಲ. ಹಾಗಾಗಿ ತಗ್ಗಿನ ಕೋನ್ ಇರುವವರು ಮೇ ಕೊನೆಯಲ್ಲಿ ಅದನ್ನು ಬಿಚ್ಚಿ ತೊಳೆದು ಒಣಗಿಸಿ ಮುಚ್ಚಿಡಿ, ಕಂಪನಿಯ ಡಬ್ಬಿ ಮತ್ತು ಪೇಪರ್ ಫಿಲ್ಟರ್ ಹಾಕಿಬಿಡಿ. ನವರಾತ್ರಿ ಕಳೆದ ಮೇಲೆ ಎಣ್ಣೆ ಹಾಕಿ ಮತ್ತೆ ಕೋನ್ ಕೂರಿಸಬಹುದು. ನಾಲ್ಕು ತಿಂಗಳು ಆ ಶಬ್ದ ಇಲ್ಲದಿದ್ದರೆ ನಷ್ಟವೇನಿಲ್ಲ.

ಫಿಲ್ಟರ್ ಹಾಕಿ ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಬಾನೆಟ್ ತೆಗೆಯಿರಿ. ಬಿಸಿ ತಣ್ಣಗೆ ಆಗಿ ಆಗಿ ಕ್ಲ್ಯಾಂಪ್ ಸ್ವಲ್ಪ ಸಡಿಲವಾಗಿರಬಹುದು, ಬಿಗಿ ಮಾಡಿ. ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ ಎಣ್ಣೆ, ಹುಡಿ ಎರಡೂ ಇಲ್ಲವೆಂದು ನೋಡಿಕೊಳ್ಳಿ. ಡಬ್ಬಿಯ ಮುಚ್ಚಳದ ಮೇಲೆ ಒಂದು ತುಂಡು ಟೇಪ್ ಹಚ್ಚಿ ತೊಳೆದ ತಾರೀಖು, ಓಡಿದ ಕಿಲೋಮೀಟರ್ ಬರೆದಿಡಿ.